ಒತ್ತಿದರೆ ಬೆಳಗಬೇಕು

ಮದುವೆಯಾದ ಹೊಸದರಲ್ಲಿ, ನಾನು ಫ್ಯಾಕ್ಟರಿಯ ಗುಂಡಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ ಎಂದು ಹೇಳಿದಾಗ ನಮ್ಮ ಅತ್ತೆಯವರು ನನ್ನ ಕೈಗಳನ್ನೇ ನೋಡಿದರು. ಆಮೇಲೆ ನನ್ನ ಗಂಡನನ್ನು ಪಕ್ಕಕ್ಕೆ ಕರೆದು, ಹೆಣ್ಣುಮಕ್ಕಳ ಕೈಲಿ ಮಣ್ಣು ಅಗೆಸುತ್ತಾರೇನೋ ಎಂದು ಕೇಳಿದರಂತೆ. ಅವರ ಪಾಲಿಗೆ ಗುಂಡಿ ಎಂದರೆ ತಿಪ್ಪೆಗುಂಡಿ. ಎದುರುಮನೆಯ ಮೇಷ್ಟ್ರ ಹೆಂಡತಿ ಇನ್ನೊಂದು ಥರ ಅರ್ಥ ಮಾಡಿಕೊಂಡು, ಗುಂಡಿ ಕಿತ್ತುಹೋದ ಅಂಗಿಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿ ತಂದುಕೊಟ್ಟರು. ನಾನು ಕೂತು ಅವನ್ನೂ ಹೊಲಿದುಕೊಟ್ಟೆ. ನಿಜವಾಗಿ ನಾನು ಏನು ಮಾಡುತ್ತಿದ್ದೆ ಎಂದು ನಮ್ಮ ಮನೆಯವರಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು.

ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ನಮ್ಮ ಬೀದಿಯ ಇಬ್ಬರು ಹುಡುಗಿಯರು ಐಟಿಐ ಮುಗಿಸಿ, ನಮ್ಮ ಫ್ಯಾಕ್ಟರಿ ಇರುವ ಬಾಶೆಟ್ಟಿಹಳ್ಳಿಯಲ್ಲೇ ಕೆಲಸಕ್ಕೆ ಸೇರಿದ್ದಾರೆ. ಮೊನ್ನೆ ಬಂದವರು, "ಆಂಟಿ, ಅಷ್ಟು ವರ್ಷ ಬರೀ ಗುಂಡಿ ಒತ್ಕೊಂಡು ಹೆಂಗಿದ್ರಿ? ಬೇಜಾರಾಗ್ಲಿಲ್ವಾ?" ಎಂದು ಕೇಳಿದರು. ಬೇಜಾರಾದ ದಿನಗಳು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆನ್ನು ಹಿಡಿದುಕೊಂಡ ದಿನಗಳಿದ್ದವು, ಮಳೆಯಲ್ಲಿ ಶಿಫ್ಟ್ ಬಸ್ಸು ತಪ್ಪಿಸಿಕೊಂಡು ರಸ್ತೆಯಲ್ಲಿ ನಿಂತ ದಿನಗಳಿದ್ದವು. ಆದರೂ ಆ ಕೆಲಸವನ್ನು ನೆನೆಸಿಕೊಂಡರೆ ನನಗೆ ಮೊದಲು ಬರುವುದು ನಗು. ಆ ಹುಡುಗಿಯರಿಗೆಂದೇ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಬಡ್ತಿ ಬಂತು ಎಂಬುದನ್ನು ಬಿಟ್ಟುಬಿಟ್ಟಿದ್ದೇನೆ. ಅದನ್ನು ಓದಿ ಯಾರಿಗೆ ಏನಾಗಬೇಕಿದೆ?

ಮೊದಲು ನಾವು ಮಾಡುತ್ತಿದ್ದುದು ಮನೆಯ ಫೋನಿನ ಗುಂಡಿಗಳು, ಟಿವಿ ರಿಮೋಟಿನ ಗುಂಡಿಗಳು. ಒತ್ತಿದಾಗ ಅವು ಕೆಲಸ ಮಾಡಿದರೆ ಸಾಕು, ಜನ ಅದಕ್ಕಿಂತ ಹೆಚ್ಚು ಕೇಳುತ್ತಿರಲಿಲ್ಲ. ಆಮೇಲೆ ಕೈಯಲ್ಲಿ ಹಿಡಿದು ಆಡುವ ಗೇಮ್ ಸೆಟ್ಟುಗಳ ಆರ್ಡರು ಬಂತು. ನಡುವೆ ಒಂದು ಪರದೆ, ಎಡಗೈ ಹೆಬ್ಬೆರಳಿಗೆ ನಾಲ್ಕು ದಿಕ್ಕಿನ ಒಂದು ಗುಂಡಿ, ಬಲಗೈ ಹೆಬ್ಬೆರಳಿಗೆ ಎರಡು ದುಂಡು ಗುಂಡಿ, ಮೇಲಂಚಿನಲ್ಲಿ ತೋರುಬೆರಳುಗಳಿಗೆ ಎರಡು. ಕೆಳಗೆ ಎಡಮೂಲೆಯಲ್ಲಿ ಬೆಳಕಿನ ಗುಂಡಿ. ಅದನ್ನು ಒತ್ತಿ ಹಿಡಿದು ನಾಲ್ಕು ದಿಕ್ಕಿನ ಗುಂಡಿಯನ್ನು ಮೇಲಕ್ಕೆ ಒತ್ತಿದರೆ ಪರದೆಯ ಬೆಳಕು ಏರಬೇಕು, ಕೆಳಕ್ಕೆ ಒತ್ತಿದರೆ ಇಳಿಯಬೇಕು. ಗುಂಡಿಗಳ ಒಳಗೂ ಸಣ್ಣ ದೀಪಗಳಿದ್ದವು. ಕತ್ತಲಲ್ಲಿ ಆಡುವವರಿಗೆ ಗುಂಡಿ ಕಾಣಲಿ ಎಂದು.

ಈ ಕೆಲಸವನ್ನು ನನಗೆ ಕಲಿಸಿದವರು ನಮ್ಮ ವಿಭಾಗದ ಮುಖ್ಯಸ್ಥರಾದ ಖಲೀಲ್ ಸಾಹೇಬರು. ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವರಷ್ಟೆ. ದೊಡ್ಡಬಳ್ಳಾಪುರದ ಪೇಟೆಯವರು. ಮನೆಯಲ್ಲಿ ಹಿಂದೆ ರೇಷ್ಮೆ ಮಗ್ಗಗಳಿದ್ದವು. ಎಳೆ ಎಲ್ಲಿ ತುಂಡಾಗಿದೆ ಎಂದು ನೋಡದೆಯೇ ಬೆರಳಲ್ಲಿ ಹುಡುಕುತ್ತಿದ್ದ ತಂದೆಯನ್ನು ಕಂಡು ಬೆಳೆದವರು. ನಮಗೂ ಹಾಗೆಯೇ ಕಲಿಸಿದರು. ಪೀಸು ಕೈಗೆ ಕೊಟ್ಟು ಕಣ್ಣು ಮುಚ್ಚಿ ಒತ್ತಲು ಹೇಳುತ್ತಿದ್ದರು. ಗುಂಡಿಯ ಅಡಿಯಲ್ಲಿ ರಬ್ಬರಿನದೊಂದು ಪುಟ್ಟ ಗುಮ್ಮಟ ಇರುತ್ತದೆ. ಒತ್ತಿದಾಗ ಅದು ಕುಸಿದು ಕೆಳಗಿನ ತಗಡಿಗೆ ತಾಗುತ್ತದೆ, ಬಿಟ್ಟಾಗ ಎದ್ದು ನಮ್ಮ ಬೆರಳನ್ನು ಮೇಲಕ್ಕೆ ತಳ್ಳುತ್ತದೆ. ಆ ತಳ್ಳುವಿಕೆ ಸರಿಯಾಗಿದ್ದರೆ ಗುಂಡಿ ಪಾಸು. ಒತ್ತಿದಾಗ ಕರಕರ ಅಂದರೆ ಅದು ಮರಳು ಗುಂಡಿ. ಬಿಟ್ಟ ಮೇಲೆ ನಿಧಾನಕ್ಕೆ ಎದ್ದರೆ ಸೋಮಾರಿ ಗುಂಡಿ. ಒತ್ತಿದ್ದೇ ಗೊತ್ತಾಗದಿದ್ದರೆ ಸೌತೆಕಾಯಿ. ಯಾಕೆ ಸೌತೆಕಾಯಿ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ಸಾಹೇಬರು ಹಾಗೆ ಕರೆಯುತ್ತಿದ್ದರು, ನಾವೂ ಕರೆದೆವು.

ಬೆಳಕು ಪರೀಕ್ಷಿಸಲು ಲೈನಿನ ಕೊನೆಯಲ್ಲಿ ಒಂದು ಕತ್ತಲೆ ಕೋಣೆ ಇತ್ತು. ಕೋಣೆ ಎಂದರೆ ದೊಡ್ಡದಲ್ಲ, ಸುತ್ತ ಹಲಗೆ ನಿಲ್ಲಿಸಿ ಕಪ್ಪು ಬಟ್ಟೆ ಇಳಿಬಿಟ್ಟಿದ್ದರು. ಒಳಗೆ ಇಬ್ಬರು ಕೂರಬಹುದಿತ್ತು. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಒಂದೊಂದೇ ಪೀಸು ಹಚ್ಚಿ, ಗುಂಡಿಗಳ ದೀಪ ಒಂದೇ ಸಮ ಇದೆಯಾ, ಅಂಚಿನಿಂದ ಬೆಳಕು ಸೋರುತ್ತಿದೆಯಾ ಎಂದು ನೋಡಬೇಕು. ನನ್ನ ಜೊತೆ ಕೂರುತ್ತಿದ್ದವಳು ಗಂಗರತ್ನ. ಹಾಡೋನಹಳ್ಳಿ ಕಡೆಯ ರೈತರ ಮನೆಯವಳು, ಬೆಳಗ್ಗೆ ಎರಡು ಹಸು ಹಾಲು ಕರೆದು ಡೈರಿಗೆ ಹಾಕಿ ಶಿಫ್ಟಿಗೆ ಬರುತ್ತಿದ್ದಳು. ಎಲ್ಲ ದೀಪಗಳೂ ಬಿಳಿಯವೇ. ಆದರೆ ಬಿಳಿಯಲ್ಲೂ ಬಿಳಿ ಬೇರೆ. ಗಂಗರತ್ನ ಅದಕ್ಕೆಲ್ಲ ಹೆಸರಿಟ್ಟಳು. ಸರಿಯಾದದ್ದು ಹಾಲು. ಸ್ವಲ್ಪ ನೀಲಿಗೆ ತಿರುಗಿದ್ದು ಮಜ್ಜಿಗೆ. ಹಳದಿಗೆ ತಿರುಗಿದ್ದು ಗಿಣ್ಣು. ಒಂದೇ ಪೀಸಿನಲ್ಲಿ ಎರಡು ಹಾಲು, ಎರಡು ಮಜ್ಜಿಗೆ ಬಂದರೆ ವಾಪಸ್ಸು. ಬೆಂಗಳೂರಿನಿಂದ ಬಂದ ಒಬ್ಬ ಅಧಿಕಾರಿ ವಾಪಸ್ಸಾದ ಪೀಸುಗಳ ಡಬ್ಬದ ಮೇಲೆ ಸೀಮೆಸುಣ್ಣದಲ್ಲಿ "ಮಜ್ಜಿಗೆ" ಎಂದು ಬರೆದಿದ್ದನ್ನು ನೋಡಿ, ಕೆಲಸದ ಜಾಗದಲ್ಲಿ ತಿಂಡಿತೀರ್ಥ ಇಟ್ಟುಕೊಳ್ಳಬಾರದೆಂದು ಸಾಹೇಬರಿಗೆ ಬುದ್ಧಿ ಹೇಳಿ ಹೋದರು. ಸಾಹೇಬರು ಏನೂ ವಿವರಿಸಲಿಲ್ಲ. ಆಯ್ತು ಸಾರ್, ತೆಗೆಸ್ತೀನಿ ಎಂದರಂತೆ.

ಗೇಮ್ ಸೆಟ್ ಬಂದ ಮೇಲೆ ಹೊಸದೊಂದು ಪರೀಕ್ಷೆ ಸೇರಿತು. ಪ್ರತಿ ಪೀಸಿನಲ್ಲೂ ಸ್ವಲ್ಪ ಹೊತ್ತು ಆಡಿ ನೋಡಬೇಕು. ಪರೀಕ್ಷೆಗೆಂದೇ ಒಂದು ಸಣ್ಣ ಆಟ ತುಂಬಿರುತ್ತಿದ್ದರು. ಒಂದು ಕೋಳಿ ಓಡುತ್ತದೆ, ದಾರಿಯಲ್ಲಿ ಹಳ್ಳ, ಬೇಲಿ, ಕಲ್ಲು. ಎಡ ಹೆಬ್ಬೆರಳಿನ ಗುಂಡಿಯನ್ನು ಮೇಲಕ್ಕೆ ಒತ್ತಿ ಹಾರಿಸಬೇಕು, ಕೆಳಕ್ಕೆ ಒತ್ತಿ ಬೇಲಿಯಡಿ ಬಗ್ಗಿಸಬೇಕು. ನಮ್ಮಲ್ಲಿ ಯಾರೂ ಹುಟ್ಟಿದಾಗಿನಿಂದ ಅಂಥದ್ದು ಮುಟ್ಟಿದವರಲ್ಲ. ಮೊದಲ ದಿನ ಎಲ್ಲರ ಕೋಳಿಯೂ ಮೊದಲ ಹಳ್ಳದಲ್ಲೇ ಬಿತ್ತು. ನಾಚಿಕೆಯಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಆದರೆ ಗಂಗರತ್ನಳಿಗೆ ಛಲ ಹತ್ತಿತು. ಊಟದ ಬಿಡುವಿನಲ್ಲೂ ಆಡತೊಡಗಿದಳು. ಅವಳು ಕೋಳಿಯ ಜೊತೆ ಮಾತಾಡುತ್ತಿದ್ದಳು, ಮನೆಯ ದನ ಗದರಿಸಿದಂತೆ ಗದರಿಸುತ್ತಿದ್ದಳು. ಒಂದು ತಿಂಗಳಾಗುವಷ್ಟರಲ್ಲಿ ಇಡೀ ಫ್ಯಾಕ್ಟರಿಯಲ್ಲಿ ಅವಳಷ್ಟು ದೂರ ಕೋಳಿ ಓಡಿಸಬಲ್ಲವರು ಇರಲಿಲ್ಲ. ಪ್ಯಾಕಿಂಗಿನವರು, ಕ್ಯಾಂಟೀನಿನವರು, ಗೇಟಿನ ಸೆಕ್ಯೂರಿಟಿಯವರು ಕೂಡ ಬಂದು ಅವಳ ಹಿಂದೆ ನಿಂತು ನೋಡುತ್ತಿದ್ದರು.

ನಾವೆಲ್ಲ ಸೇರಿ ಮಾಡಿದ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಆ ವರ್ಷ ಒಟ್ಟಿಗೆ ತಯಾರಾದ ಒಂದು ಲಾಟಿನಲ್ಲಿ ಬೆಳಕಿನ ಲೆಕ್ಕ ತಿರುವುಮುರುವಾಗಿ ಬಂದಿತ್ತು. ಮೇಲಕ್ಕೆ ಒತ್ತಿದರೆ ಬೆಳಕು ಇಳಿಯುತ್ತಿತ್ತು, ಕೆಳಕ್ಕೆ ಒತ್ತಿದರೆ ಏರುತ್ತಿತ್ತು. ಪ್ರೋಗ್ರಾಮ್ ತುಂಬುವಾಗ ಆದ ತಪ್ಪು. ನಮ್ಮ ಪರೀಕ್ಷೆಯಲ್ಲಿ ಇದ್ದದ್ದು ಒತ್ತಿದರೆ ಬೆಳಕು ಬದಲಾಗುತ್ತದೆಯೇ ಎಂಬ ಪ್ರಶ್ನೆ ಮಾತ್ರ. ಬದಲಾಗುತ್ತಿತ್ತು. ನಾವು ಪಾಸು ಮಾಡುತ್ತಾ ಹೋದೆವು. ಮೊದಲ ದಿನ ವಿಚಿತ್ರ ಅನ್ನಿಸಿರಬೇಕು, ಎರಡನೇ ದಿನಕ್ಕೆ ಕೈ ಒಗ್ಗಿಕೊಂಡಿತು. ಅಷ್ಟರಲ್ಲಿ ಸೆಟ್ ಕೊಳ್ಳುವ ಕಂಪನಿಯ ದೊಡ್ಡವರು ವಿದೇಶದಿಂದ ನೋಡಲು ಬಂದರು. ಮ್ಯಾನೇಜರ್ ಒಂದು ಪೀಸು ಅವರ ಕೈಗೆ ಕೊಟ್ಟರು. ಅವರು ಬೆಳಕು ಏರಿಸಲು ಹೋದರು, ಪರದೆ ಮಂಕಾಯಿತು. ಇನ್ನೊಮ್ಮೆ ಒತ್ತಿದರು, ಇನ್ನೂ ಮಂಕಾಯಿತು. ಕೊನೆಗೆ ಪೂರ್ತಿ ಕತ್ತಲು. ಕೆಟ್ಟುಹೋಯಿತೆಂದು ಅವರು ಪೀಸನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಆಗ ಪಕ್ಕದಲ್ಲಿ ನಿಂತಿದ್ದ ಗಂಗರತ್ನ ಕೈ ಚಾಚಿ, ಕೆಳಕ್ಕೆ ಒತ್ತಿ ಬೆಳಕು ಬರಿಸಿ ಅವರ ಕೈಗೇ ವಾಪಸ್ಸು ಕೊಟ್ಟಳು.

"ಇದು ಹಂಗೇ ಸಾರ್," ಎಂದಳು ಸಮಾಧಾನವಾಗಿ. "ಇಳಿಸಿದ್ರೆ ಏರುತ್ತೆ."

ಖಲೀಲ್ ಸಾಹೇಬರು ಕಣ್ಣು ಮುಚ್ಚಿಕೊಂಡರು. ಮ್ಯಾನೇಜರ್ ಇಂಗ್ಲಿಷಿನಲ್ಲಿ ಏನೇನೋ ಹೇಳತೊಡಗಿದರು. ಬಂದವರಿಗೆ ಅವಳ ಮಾತಿನ ಅರ್ಥವನ್ನು ಯಾರೋ ಹೇಳಿದ ಮೇಲೆ ಅವರು ಎಷ್ಟು ನಕ್ಕರೆಂದರೆ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ನಕ್ಕರೂ ಲಾಟು ಲಾಟೇ. ಪ್ಯಾಕ್ ಆಗಿದ್ದ ಡಬ್ಬಗಳನ್ನೆಲ್ಲ ಬಿಚ್ಚಿ, ಪ್ರೋಗ್ರಾಮ್ ಬದಲಿಸಿ, ಮತ್ತೆ ಮುಚ್ಚಿದೆವು. ಸಾಹೇಬರು ಯಾರನ್ನೂ ಬೈಯಲಿಲ್ಲ. ನಮ್ಮ ಜೊತೆಯಲ್ಲೇ ಕೂತು ಡಬ್ಬ ಬಿಚ್ಚುತ್ತಾ ಒಂದೇ ಮಾತು ಹೇಳಿದರು. "ನಾವು ನೋಡ್ಬೇಕಾಗಿದ್ದು ಬೆಳಕು ಬದಲಾಯ್ತಾ ಅಂತ ಅಲ್ಲ ಕಣ್ರಮ್ಮ. ಅವ್ರು ಏನು ಬೇಕು ಅಂತ ಒತ್ತಿದ್ರೋ ಅದಾಯ್ತಾ ಅಂತ. ಒತ್ತಿದ್ರೆ ಬೆಳಗ್ಬೇಕು. ಅಷ್ಟೇ ನಮ್ಮ ಕೆಲ್ಸ." ಅವತ್ತಿನಿಂದ ನಾನು ಯಾವ ಪೀಸು ಹಿಡಿದರೂ, ಇದನ್ನು ಕೊಂಡವರು ಈಗ ಏನು ಬೇಕೆಂದು ಒತ್ತುತ್ತಾರೆ ಎಂದು ಮೊದಲು ಯೋಚಿಸುತ್ತಿದ್ದೆ. ಹುಡುಗಿಯರೇ, ನಿಮಗೆ ಹೇಳಬೇಕಾದದ್ದರಲ್ಲಿ ಅರ್ಧ ಇದೇ.

ಮುಂದೆ ಮೆಷಿನ್ ಬೆರಳು ಬಂತು. ಗಾಜಿನ ಪೆಟ್ಟಿಗೆಯೊಳಗೆ ಉಕ್ಕಿನದೊಂದು ಕಡ್ಡಿ, ತುದಿಗೆ ರಬ್ಬರು. ಸ್ವಿಚ್ ಹಾಕಿದರೆ ಒಂದೇ ಗುಂಡಿಯನ್ನು ದಿನವೆಲ್ಲ ಟಕ್ ಟಕ್ ಟಕ್ ಎಂದು ಒತ್ತುತ್ತಿತ್ತು. ಇನ್ನು ನಮ್ಮ ಬೆರಳುಗಳಿಗೆ ಕೆಲಸವಿಲ್ಲ ಎಂದು ಎಲ್ಲರ ಮನಸ್ಸಿನಲ್ಲೂ ಇತ್ತು. ಆದರೆ ನಡೆದದ್ದು ಬೇರೆ. ಒಂದು ಗುಂಡಿ ಎಷ್ಟು ಸಲ ಒತ್ತಿದರೆ ಸವೆಯುತ್ತದೆ ಎಂದು ನೋಡುವ ಕೆಲಸವನ್ನು ಅದುವರೆಗೆ ನಾವೇ ಸರದಿಯ ಮೇಲೆ ಮಾಡುತ್ತಿದ್ದೆವು. ಆ ಸರದಿಯ ವಾರದಲ್ಲಿ ನನಗೆ ಮನೆಯಲ್ಲಿ ಚಪಾತಿ ಲಟ್ಟಿಸಲು ಆಗುತ್ತಿರಲಿಲ್ಲ, ಹೆಬ್ಬೆರಳು ಅಷ್ಟು ಬಾತುಕೊಳ್ಳುತ್ತಿತ್ತು. ಅದೊಂದು ಕೆಲಸ ಮೆಷಿನ್ನಿಗೆ ಹೋಯಿತು. ಒಂದು ತಿಂಗಳಲ್ಲಿ ನೋವು ಹೋಯಿತು. ಎಲ್ಲರೂ ಆ ಮೆಷಿನ್ನಿಗೆ ಅತ್ತೆ ಎಂದು ಹೆಸರಿಟ್ಟರು, ಒಂದು ಗಳಿಗೆ ಸುಮ್ಮನಿರುವುದಿಲ್ಲ ಎಂದು. ನನ್ನ ಅತ್ತೆಯವರಿಗೆ ಇದನ್ನು ಹೇಳಿದಾಗ, "ಅದಕ್ಕೂ ಎಣ್ಣೆ ಹಾಕ್ತೀರಾ ಇಲ್ವಾ ಮತ್ತೆ?" ಎಂದು ಕೇಳಿದರು. ಹಾಕುತ್ತೇವೆ ಎಂದೆ. ಅವರಿಗೆ ಸಂತೋಷವಾಯಿತು.

ಎಲ್ಲಕ್ಕಿಂತ ಹೆದರಿದ್ದು ಒಂದು ದೂರು ಬಂದಾಗ. ಮಾರುಕಟ್ಟೆಗೆ ಹೋದ ಸೆಟ್ಟುಗಳು ಒಂದೊಂದಾಗಿ ವಾಪಸ್ಸು ಬರತೊಡಗಿದವು. ಆಟದ ನಡುವೆ ಬೆಳಕು ತಾನಾಗಿಯೇ ಏರುತ್ತದೆ, ಇಳಿಯುತ್ತದೆ ಎಂದು ಕೊಂಡವರು ಹೇಳುತ್ತಿದ್ದರು. ನಾವು ಆ ಪೀಸುಗಳನ್ನು ಅಲುಗಾಡದಂತೆ ಹಿಡಿದಿಡುವ ಚೌಕಟ್ಟಾದ ಜಿಗ್‌ನಲ್ಲಿ ಕೂರಿಸಿ ಪರೀಕ್ಷಿಸಿದರೆ ಏನೂ ತೊಂದರೆ ಇಲ್ಲ. ಮೆಷಿನ್ ಬೆರಳಿಗೂ ಸಿಗಲಿಲ್ಲ. ಮುಂದಿನ ಸರಕು ಹೋಗುವಷ್ಟರಲ್ಲಿ ಕಾರಣ ಗೊತ್ತಾಗದಿದ್ದರೆ ಈ ಸೆಟ್ಟನ್ನು ಬೇರೆ ಕಡೆ ಮಾಡಿಸುತ್ತೇವೆ ಎಂದು ಕೊಳ್ಳುವ ಕಂಪನಿ ಹೇಳಿತು. ಅಂದರೆ ನಮ್ಮ ಲೈನು ಮುಚ್ಚುತ್ತದೆ. ಹೊಸಕೋಟೆ ಹತ್ತಿರ ಪಿಲ್ಲಗುಂಪೆಯಲ್ಲಿ ಕೆಲಸ ಖಾಲಿ ಇದೆಯಂತೆ, ಇಲ್ಲಿಂದ ಎಷ್ಟು ಬಸ್ಸು ಬದಲಿಸಬೇಕು ಎಂದು ಊಟದ ಹೊತ್ತಿನಲ್ಲಿ ಮಾತು ಶುರುವಾಗಿತ್ತು. ಕೋಳಿ ಆಟವನ್ನು ಯಾರೂ ಮುಟ್ಟುತ್ತಿರಲಿಲ್ಲ.

ಆಗ ಸಿಂಧು ಎಂಬ ಎಂಜಿನಿಯರ್ ನಮ್ಮ ಲೈನಿಗೆ ಬಂದರು. ವಯಸ್ಸು ಚಿಕ್ಕದು, ಮಾತು ಕಮ್ಮಿ. ಎರಡು ದಿನ ಪೀಸು ಬಿಚ್ಚಿ ನೋಡಿದರು, ಏನೂ ಸಿಗಲಿಲ್ಲ. ಮೂರನೇ ದಿನ ನಮ್ಮೆಲ್ಲರನ್ನೂ ಕರೆದು, ಊಟದ ಬಿಡುವಿನಲ್ಲಿ ಮೊದಲಿನ ಹಾಗೆ ಪಂದ್ಯ ಕಟ್ಟಿ ಆಡಿ ಎಂದು ಕೇಳಿಕೊಂಡರು. ವಾಪಸ್ಸು ಬಂದ ಪೀಸುಗಳನ್ನೇ ನಮಗೆ ಹಂಚಿದರು. ತಾವು ಪರದೆ ನೋಡಲಿಲ್ಲ, ನಮ್ಮ ಕೈಗಳನ್ನು ನೋಡುತ್ತಾ ಹಿಂದೆ ಮುಂದೆ ಓಡಾಡಿದರು. ಮೊದಮೊದಲು ನಮಗೆ ಮನಸ್ಸಿರಲಿಲ್ಲ. ಆದರೆ ಗಂಗರತ್ನಳ ಕೋಳಿ ಹಳೆಯ ದಾಖಲೆಯ ಹತ್ತಿರ ಬಂದಾಗ ಎಲ್ಲರೂ ಕೂಗತೊಡಗಿದರು. ಅವಳು ತುಟಿ ಕಚ್ಚಿಕೊಂಡು ಸೆಟ್ಟನ್ನು ಅಮುಕಿ ಹಿಡಿದಿದ್ದಳು. ಅಷ್ಟರಲ್ಲಿ ಪರದೆ ಮಂಕಾಯಿತು, ಕೋಳಿ ಬಿತ್ತು.

ಸಿಂಧು ಅವಳ ಕೈ ಹಾಗೇ ಹಿಡಿದುಕೊಂಡರು. ಅಲುಗಾಡಬೇಡಿ ಎಂದರು. ಗಂಗರತ್ನಳ ಎಡ ಅಂಗೈಯ ಬುಡ ಸೆಟ್ಟಿನ ಕೆಳಮೂಲೆಯನ್ನು ಒತ್ತಿ, ಅಲ್ಲಿನ ಪ್ಲಾಸ್ಟಿಕ್ಕು ಕೂದಲೆಳೆಯಷ್ಟು ಬಾಗಿತ್ತು. ಬಾಗಿದ ಪ್ಲಾಸ್ಟಿಕ್ಕು ಬೆಳಕಿನ ಗುಂಡಿಯನ್ನು ಒಳಗಿನಿಂದ ಒತ್ತಿ ಹಿಡಿದಿತ್ತು. ಅದೇ ಹೊತ್ತಿಗೆ ಹೆಬ್ಬೆರಳು ಕೋಳಿ ಬಗ್ಗಿಸಲು ಕೆಳಕ್ಕೆ ಒತ್ತಿತ್ತು. ಬೆಳಕು ಇಳಿಯದೆ ಇನ್ನೇನಾದೀತು? ಜಿಗ್‌ನಲ್ಲಿ ಕೂತ ಪೀಸಿಗೆ ಆಸೆಯಿಲ್ಲ, ಗಾಬರಿಯಿಲ್ಲ, ಅದನ್ನು ಯಾರೂ ಅಮುಕುವುದಿಲ್ಲ. ಖಾತ್ರಿ ಮಾಡಿಕೊಳ್ಳಲು ಸಿಂಧು ಇನ್ನೊಂದು ಪರೀಕ್ಷೆ ಮಾಡಿದರು.

"ಅಕ್ಕ, ಈಗ ಗೆಲ್ಲೋ ಆಸೆ ಇಲ್ದೇ ಆಡಿ ನೋಡೋಣ," ಎಂದರು.

"ಅದು ಹೆಂಗಾಗುತ್ತೆ ಮೇಡಂ?" ಎಂದು ಗಂಗರತ್ನ ನಿಜವಾಗಿಯೂ ಗೊಂದಲಗೊಂಡಳು. "ಆಸೆ ಇಲ್ದೇ ಆಡೋದಾದ್ರೆ ಆಡೋದ್ಯಾಕೆ?"

ಅವಳ ಕೈಲಿ ಅದು ಆಗಲೇ ಇಲ್ಲ. ನಾನು ಆಡಿದೆ. ನನಗೆ ಹೇಗೂ ಗೆಲುವಿನ ನಿರೀಕ್ಷೆ ಇರಲಿಲ್ಲ. ಬೆಳಕು ಸ್ಥಿರವಾಗಿ ನಿಂತಿತು. ಮೂಲೆಯ ಒಳಗೆ ತೆಳುವಾದ ಒಂದು ಆಸರೆಪಟ್ಟಿ ಸೇರಿಸಿದರು, ಬೆಳಕಿನ ಗುಂಡಿಯನ್ನು ತುಸು ಹೊತ್ತು ಒತ್ತಿ ಹಿಡಿದರೆ ಮಾತ್ರ ಕೇಳುವಂತೆ ಪ್ರೋಗ್ರಾಮ್ ಬದಲಿಸಿದರು. ಲೈನು ಉಳಿಯಿತು. ಆ ಸುದ್ದಿ ಬಂದ ದಿನ ಕ್ಯಾಂಟೀನಿನವರು ಕೇಳದೆಯೇ ಕೇಸರಿಬಾತು ಮಾಡಿದ್ದರು. ಅದರ ನಂತರ ನಮ್ಮ ಪರೀಕ್ಷೆಗೆ ಒಂದು ಹೊಸ ನಿಯಮ ಸೇರಿತು. ಪ್ರತಿ ಲಾಟಿನಿಂದ ಕೆಲವು ಪೀಸು ತೆಗೆದು, ಪಕ್ಕದಲ್ಲಿ ಕೂಗುವವರನ್ನು ನಿಲ್ಲಿಸಿ, ಗೆಲ್ಲಲೇಬೇಕೆಂದು ಆಡಬೇಕು. ಕೂಗುವುದಕ್ಕೆ ಸಂಬಳ ಕೊಡುವ ಫ್ಯಾಕ್ಟರಿ ಬೇರೆ ಎಲ್ಲೂ ಇರಲಿಕ್ಕಿಲ್ಲ.

ಖಲೀಲ್ ಸಾಹೇಬರ ಸೇವೆಯ ಕೊನೆಯ ವರ್ಷದಲ್ಲಿ ನಡೆದದ್ದನ್ನು ಹೇಳಿ ಮುಗಿಸುತ್ತೇನೆ.

ಒಂದು ದಿನ ಬೆಳಗ್ಗೆ ಗೇಟಿನಿಂದ ಫೋನು ಬಂತು. ಯಾರೋ ವಯಸ್ಸಾದವರು ಗೇಮ್ ಸೆಟ್ ಹಿಡಿದುಕೊಂಡು ಬಂದಿದ್ದಾರೆ, ಹೋಗಿ ಎಂದರೂ ಹೋಗುತ್ತಿಲ್ಲ ಎಂದು. ಸಾಹೇಬರು ನನ್ನನ್ನು ಕಳಿಸಿದರು. ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ಗಂಡ ಹೆಂಡತಿ ಕೂತಿದ್ದರು. ಗಂಡನ ಹೆಸರು ವೆಂಕಟರಾಮಪ್ಪ, ತ್ಯಾಮಗೊಂಡ್ಲಿನವರು. ಮದುವೆ ಮನೆಗಳಲ್ಲಿ ನುಡಿಸುವ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ವಾದಕರು. ಹೆಂಡತಿ ಸಾಕಮ್ಮ. ವೆಂಕಟರಾಮಪ್ಪನವರಿಗೆ ಲಘುವಾಗಿ ಪಾರ್ಶ್ವವಾಯು ಹೊಡೆದು ಎಡಗೈ ಸೋತಿತ್ತು. ಕಾಲು ಸುಧಾರಿಸಿತ್ತು, ಬೆರಳುಗಳು ಮಾತ್ರ ಮಾತು ಕೇಳುತ್ತಿರಲಿಲ್ಲ. ಬೆರಳು ಆಡಿಸುತ್ತಲೇ ಇರಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಮಗಳು ಯೋಚನೆ ಮಾಡಿ ನಮ್ಮ ಸೆಟ್ ತಂದುಕೊಟ್ಟಿದ್ದಳು. ಪೆಟ್ಟಿಗೆಯ ಮೇಲೆ ಬಾಶೆಟ್ಟಿಹಳ್ಳಿ ಎಂದು ಅಚ್ಚಾಗಿದ್ದದ್ದು ನೋಡಿ ಇಲ್ಲಿಗೇ ಬಂದಿದ್ದರು.

ಸೆಟ್ಟಿನಲ್ಲಿ ಏನು ತೊಂದರೆ ಎಂದು ಕೇಳಿದೆ. ಅವರು ತೋರಿಸಿದರು. ಎಡಗೈ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಒತ್ತಲು ಪ್ರಯತ್ನಿಸಿದರು. ಹಣೆಯಲ್ಲಿ ಬೆವರೊಡೆಯಿತು. ಬೆರಳು ಇನ್ನೇನು ಗುಂಡಿ ಕುಸಿಯುವಂತೆ ಒತ್ತಿತು ಎನ್ನುವಷ್ಟರಲ್ಲಿ ಪರದೆಯ ಬೆಳಕು ಆರಿತು. ಯಾರೂ ಆಡುತ್ತಿಲ್ಲ ಎಂದು ತಿಳಿದು, ಬ್ಯಾಟರಿ ಉಳಿಸಲು, ಸೆಟ್ಟು ತಾನೇ ಬೆಳಕು ಆರಿಸುತ್ತದೆ. ನಾವೇ ಹಾಗೆ ಮಾಡಿದ್ದು.

"ನೋಡಿದ್ರೇನಮ್ಮ," ಎಂದರು ವೆಂಕಟರಾಮಪ್ಪ. "ನಾನಿನ್ನೂ ಒತ್ತುತ್ತಾ ಇದ್ದೀನಿ, ಇದು ನಾನು ಮನೆಗೋದೆ ಅಂದ್ಕೊಂಡು ದೀಪ ಆರಿಸ್ಬಿಡುತ್ತೆ."

ಅವರು ನಗುತ್ತಲೇ ಹೇಳಿದರು. ಸಾಕಮ್ಮ ನಗಲಿಲ್ಲ. ಅವರು ನನ್ನನ್ನು ಪಕ್ಕಕ್ಕೆ ಕರೆದು, ಕ್ಲಾರಿನೆಟ್ಟಿನ ಹಿಂಬದಿಯಲ್ಲಿ ಎಡ ಹೆಬ್ಬೆರಳಿಗೆ ಒಂದು ಕೀಲಿ ಇದೆ, ಅದನ್ನು ಒತ್ತದೆ ಮೇಲಿನ ಸ್ವರಗಳು ಏಳುವುದಿಲ್ಲ, ಅದಿಲ್ಲದೆ ಬ್ಯಾಂಡಿಗೆ ಯಾರೂ ಕರೆಯುವುದಿಲ್ಲ ಎಂದರು. ಮೂರು ಹಬ್ಬ ಕಳೆದವು, ವಾದ್ಯದ ಪೆಟ್ಟಿಗೆ ತೆರೆದಿಲ್ಲ, ಈಗ ಈ ಆಟದ ಸಾಮಾನನ್ನೂ ಮೂಲೆಗೆ ಎಸೆದರೆ ಇವರು ಪೂರ್ತಿ ಕೈಬಿಟ್ಟುಬಿಡುತ್ತಾರೆ ಎಂದು ಅವರ ಭಯ.

ಒಳಗೆ ಬಂದು ಸಾಹೇಬರಿಗೆ ಎಲ್ಲ ಹೇಳಿದೆ. ಮಾರಾಟವಾದ ಪೀಸನ್ನು ಲೈನಿನೊಳಗೆ ತರಬಾರದೆಂದು ಕಟ್ಟುನಿಟ್ಟಿನ ನಿಯಮವಿತ್ತು. ಸಾಹೇಬರು ನಿಯಮ ಮೀರುವವರಲ್ಲ. ಅವರು ಮ್ಯಾನೇಜರ್‌ಗೆ ಫೋನ್ ಮಾಡಿದರು. ಕೈ ಸೋತವರು ನಮ್ಮ ಸೆಟ್ ಆಡುವುದಾದರೆ ಗುಂಡಿ ಹೇಗಿರಬೇಕು, ಬೆಳಕು ಎಷ್ಟು ಹೊತ್ತು ಕಾಯಬೇಕು ಎಂದು ನಾವು ಯಾವತ್ತೂ ನೋಡಿಲ್ಲ, ನೋಡುವ ಅವಕಾಶ ಗೇಟಿನ ಹತ್ತಿರ ಕೂತಿದೆ, ಟ್ರಯಲ್ ಎಂದು ಒಳಗೆ ತೆಗೆದುಕೊಳ್ಳಲು ಅನುಮತಿ ಕೊಡಿ ಎಂದರು. ಮ್ಯಾನೇಜರ್ ಒಪ್ಪುವವರೆಗೂ ಅವರು ಫೋನ್ ಇಡಲಿಲ್ಲ. ಗಂಡ ಹೆಂಡತಿಯನ್ನು ಕ್ಯಾಂಟೀನಿನಲ್ಲಿ ಕೂರಿಸಿ ಟೀ ತರಿಸಿದರು.

ಮಾದರಿ ತಯಾರಿಸುವ ಕಾಲದಲ್ಲಿ ನಾವು ಬೇರೆ ಬೇರೆ ಗಡಸಿನ ರಬ್ಬರು ತರಿಸಿದ್ದೆವು. ತೀರಾ ಮೆತ್ತಗಾಯಿತೆಂದು ಬಿಟ್ಟ ಒಂದು ಜಾತಿ ನನ್ನ ಮೇಜಿನ ಅಡಿಯ ಡಬ್ಬದಲ್ಲೇ ಇತ್ತು. ನಾನು ಸೆಟ್ ಬಿಚ್ಚಿ ಗಟ್ಟಿ ರಬ್ಬರು ತೆಗೆದು ಮೆತ್ತನೆಯದನ್ನು ಕೂರಿಸಿದೆ. ಸಿಂಧು ಬಂದು ಬೆಳಕು ಬೇಗ ಆರದಂತೆ ಪ್ರೋಗ್ರಾಮ್ ಬದಲಿಸಿದರು. ಎಷ್ಟು ಹೊತ್ತು ಇಡಬೇಕು ಎಂದು ಅಂದಾಜು ಮಾಡಲಿಲ್ಲ, ಕ್ಯಾಂಟೀನಿಗೆ ಹೋಗಿ ಅವರ ಎದುರು ಕೂತು, ಅವರು ಒತ್ತಿ ಮುಗಿಸುವವರೆಗೂ ಕಾದು, ಅದರ ಮೇಲೆ ಇನ್ನಷ್ಟು ಸೇರಿಸಿದರು. ವೆಂಕಟರಾಮಪ್ಪ ಹೆಬ್ಬೆರಳಿಟ್ಟರು. ಗುಂಡಿ ಕುಸಿಯಿತು. ಕೋಳಿ ಹಾರಿತು. ಹಳ್ಳ ಬರುವುದಕ್ಕೆ ಬಹಳ ಮೊದಲೇ ಹಾರಿ ನೆಲಕ್ಕಿಳಿದು, ಆಮೇಲೆ ಹಳ್ಳಕ್ಕೆ ಬಿತ್ತು. ಆದರೂ ಹಾರಿತು. ಸಾಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಗರತ್ನ ವೆಂಕಟರಾಮಪ್ಪನವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹಳ್ಳದ ಅಂಚಿಗೆ ಬರುವವರೆಗೂ ಕಾಯಬೇಕು, ಅವಸರ ಮಾಡಬಾರದು ಎಂದು ಪಾಠ ಶುರು ಮಾಡಿದಳು.

ಆ ದಿನದ ಟ್ರಯಲ್ ಕಾರಣದಿಂದ ಮುಂದಿನ ಮಾದರಿಯಲ್ಲಿ ಬೆಳಕು ಎಷ್ಟು ಹೊತ್ತಿರಬೇಕೆಂದು ಆಡುವವರೇ ಆರಿಸಿಕೊಳ್ಳುವ ಸೌಲಭ್ಯ ಬಂತು. ಈಗಿನವರು ಅದನ್ನು ಸಹಜವೆಂದುಕೊಂಡಿದ್ದಾರೆ. ಹಾಗೆಯೇ ಇರಲಿ.

ತಿಂಗಳುಗಳು ಕಳೆದವು. ಸಾಹೇಬರ ನಿವೃತ್ತಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಶಿಫ್ಟ್ ಬದಲಾಗುವ ಹೊತ್ತಿಗೆ ಮತ್ತೆ ಗೇಟಿನಿಂದ ಫೋನು. ಈ ಸಲ ವೆಂಕಟರಾಮಪ್ಪ ಒಬ್ಬರೇ ಬಂದಿದ್ದರು. ಬಗಲಲ್ಲಿ ಉದ್ದನೆಯ ಕಪ್ಪು ಪೆಟ್ಟಿಗೆ, ಕೈಯಲ್ಲಿ ನಮ್ಮ ಸೆಟ್ಟು. ನಾನು, ಗಂಗರತ್ನ, ಸಾಹೇಬರು ಮೂವರೂ ಹೋದೆವು. ಮತ್ತೆ ಏನೋ ಕೆಟ್ಟಿರಬೇಕೆಂದು ನನಗೆ ಅಳುಕು. ಏನಾಯ್ತು ಎಂದು ಸಾಹೇಬರು ಕೇಳಿದರು.

"ಏನೂ ಆಗಿಲ್ಲ ಸಾಹೇಬ್ರೇ. ಈ ಮೆತ್ತಂದು ತೆಗ್ದು ಮೊದ್ಲಿದ್ದ ಗಟ್ಟೀದೇ ಹಾಕ್ಕೊಡಿ," ಎಂದರು. "ಇದು ನನ್ನ ಬೆರಳಿಗೆ ಸಾಲ್ತಾ ಇಲ್ಲ."

ಸಾಹೇಬರು ಒಂದು ಗಳಿಗೆ ಅವರ ಮುಖವನ್ನೇ ನೋಡಿದರು. ಆಮೇಲೆ ಸೆಟ್ಟು ಇಸಿದುಕೊಂಡು, ನನ್ನ ಕೈಗೆ ಕೊಡದೆ ತಾವೇ ಒಳಗೆ ಹೋಗಿ, ಕನ್ನಡಕ ಹಾಕಿಕೊಂಡು, ಒಂದೊಂದೇ ಸ್ಕ್ರೂ ಬಿಚ್ಚಿ ರಬ್ಬರು ಬದಲಿಸಿ ತಂದರು. ವೆಂಕಟರಾಮಪ್ಪ ಮರದ ಕೆಳಗೆ ನಿಂತೇ ಒತ್ತಿ ನೋಡಿದರು. ಟಕ್ ಎಂದಿತು. ಮತ್ತೆ ಒತ್ತಿದರು, ಮತ್ತೆ, ಮತ್ತೆ. ಸಾಹೇಬರು ಕಣ್ಣು ಮುಚ್ಚಿಕೊಂಡು ಆ ಸದ್ದನ್ನೇ ಕೇಳುತ್ತಾ ತಲೆಯಾಡಿಸುತ್ತಿದ್ದರು.

ಬಗಲಲ್ಲಿರುವುದು ಏನು ಎಂದು ಗಂಗರತ್ನಳಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೂ ಕೇಳಿದಳು. ಅವರು ಪೆಟ್ಟಿಗೆ ತೆರೆದು, ತುಂಡುಗಳನ್ನು ಜೋಡಿಸಿ, ತುಟಿಗಿಟ್ಟರು. ಮೇಲಿನ ಸ್ವರವನ್ನು ಮನೆಯಿಂದ ಆಚೆ ಇನ್ನೂ ಎಲ್ಲೂ ನುಡಿಸಿಲ್ಲ, ಒಡೆದರೆ ನಗಬೇಡಿ ಎಂದು ಮೊದಲೇ ಹೇಳಿದರು. ಕೆಳಗಿನ ಸ್ವರಗಳಿಂದ ಮೆಲ್ಲಗೆ ಹತ್ತತೊಡಗಿದರು. ಬೆಳಗಿನ ಪಾಳಿಯ ಹೆಂಗಸರು ಗೇಟಿನಿಂದ ಹೊರಬರುತ್ತಿದ್ದವರು ಅಲ್ಲಲ್ಲೇ ನಿಂತರು. ಎಡ ಹೆಬ್ಬೆರಳು ಕೀಲಿಯ ಮೇಲೆ ಸರಿಯಿತು. ಮೇಲಿನ ಸ್ವರ ಮೊದಲ ಸಲ ಕೀಚೆಂದು ಒಡೆಯಿತು. ಯಾರೂ ನಗಲಿಲ್ಲ. ಅವರು ಉಸಿರು ತೆಗೆದುಕೊಂಡು ಮತ್ತೆ ಕೆಳಗಿನಿಂದ ಶುರು ಮಾಡಿದರು. ರಸ್ತೆಯಲ್ಲಿ ನಮಗಾಗಿ ಕಾಯುತ್ತಿದ್ದ ಶಿಫ್ಟ್ ಬಸ್ಸಿನ ಡ್ರೈವರು, ಒಂದು ನಿಮಿಷ ತಡವಾದರೂ ಹಾರನ್ ಬಾರಿಸುವ ಮನುಷ್ಯ, ಕಿಟಕಿಯಿಂದ ತಲೆ ಹಾಕಿ ನೋಡಿ ಇಂಜಿನ್ ಆಫ್ ಮಾಡಿದ. ಆ ನಿಶ್ಶಬ್ದದಲ್ಲಿ ಸ್ವರ ಎದ್ದಿತು, ನಿಂತಿತು, ನಿಂತೇ ಇತ್ತು.